ಆರು ನಟರು, ಎರಡು ತಂಡ, ಒಂದು ರಗ್ಬಿ ಪಂದ್ಯ: ರಂಗದ ಮೇಲೆ ಚೆಂಡು ಬೇಕೇ, ಬೇಡವೇ?

ಲಿಮರಿಕ್ ನಿವಾಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಈ ವೇದಿಕೆಯಲ್ಲಿ ಹವ್ಯಾಸಿ ನಾಟಕಗಳಿಗಾಗಿ ನಿದ್ದೆಗೆಟ್ಟವರು ಬಹಳ ಮಂದಿ ಇರುವುದರಿಂದ ಧೈರ್ಯಮಾಡಿ ಕೇಳುತ್ತಿದ್ದೇನೆ. ನಾನು ಕೆಲಸದ ನಿಮಿತ್ತ ಐರ್ಲೆಂಡಿನ ಲಿಮರಿಕ್ ಪ್ರದೇಶಕ್ಕೆ ಬಂದು ನೆಲೆಸಿದವಳು. ಊರಿನಲ್ಲಿದ್ದಾಗ ಕಾಲೇಜು ರಂಗದಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ ಅಭ್ಯಾಸದಿಂದ ಇಲ್ಲಿನ ಒಂದು ಹವ್ಯಾಸಿ ನಾಟಕ ತಂಡವನ್ನು ಸೇರಿಕೊಂಡೆ. ಈ ವರ್ಷ ನಾವು ಜಾನ್ ಬ್ರೀನ್ ಅವರ ‘ಅಲೋನ್ ಇಟ್ ಸ್ಟ್ಯಾಂಡ್ಸ್’ ನಾಟಕವನ್ನು ಎತ್ತಿಕೊಂಡಿದ್ದೇವೆ. ಪ್ರದರ್ಶನದ ಹಕ್ಕಿಗೆ ಹಣ ಕಟ್ಟಿ ಪರವಾನಗಿಯನ್ನೂ ಪಡೆದಿದ್ದೇವೆ.

ನಾಟಕದ ವಸ್ತು ಒಂದು ರಗ್ಬಿ ಪಂದ್ಯ. 1978ರ ಅಕ್ಟೋಬರ್ 31ರ ಮಂಗಳವಾರದಂದು, ಇದೇ ಲಿಮರಿಕ್‌ನ ಥೋಮಂಡ್ ಪಾರ್ಕ್ ಮೈದಾನದಲ್ಲಿ, ಮನ್‌ಸ್ಟರ್ ಪ್ರಾಂತ್ಯದ ತಂಡವು ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ತಂಡವನ್ನು 12–0 ಅಂತರದಿಂದ ಸೋಲಿಸಿತು. ಆ ಪ್ರವಾಸದಲ್ಲಿ ಆಲ್ ಬ್ಲ್ಯಾಕ್ಸ್ ಆಡಿದ ಹದಿನೆಂಟು ಪಂದ್ಯಗಳಲ್ಲಿ ಸೋತದ್ದು ಇದೊಂದನ್ನೇ. ಐರ್ಲೆಂಡಿನ ರಾಷ್ಟ್ರೀಯ ತಂಡಕ್ಕೇ ಅವರನ್ನು ಸೋಲಿಸಲು 2016ರ ತನಕ ಸಾಧ್ಯವಾಗಲಿಲ್ಲ. ಮನ್‌ಸ್ಟರ್ ಆಟಗಾರರೆಲ್ಲ ಬೇರೆ ಉದ್ಯೋಗ ಮಾಡಿಕೊಂಡು, ಬಿಡುವಿನಲ್ಲಿ ಅಭ್ಯಾಸ ನಡೆಸುತ್ತಿದ್ದ ಹವ್ಯಾಸಿಗಳು. ಈ ಪಂದ್ಯಕ್ಕೆ ಕೆಲವೇ ವಾರಗಳ ಮೊದಲು ಲಂಡನ್ ಪ್ರವಾಸಕ್ಕೆ ಹೋಗಿ ಹೀನಾಯವಾಗಿ ಸೋತು ಬಂದಿದ್ದರಂತೆ.

1999ರಲ್ಲಿ ಮೊದಲು ರಂಗಕ್ಕೆ ಬಂದ ಈ ನಾಟಕದಲ್ಲಿ ಆರೇ ಆರು ನಟರು ಅರವತ್ತೆರಡು ಪಾತ್ರಗಳನ್ನು ನಿರ್ವಹಿಸಬೇಕು. ಎರಡೂ ತಂಡಗಳು, ತರಬೇತುದಾರರು, ಪ್ರೇಕ್ಷಕರು, ಹ್ಯಾಲೋವೀನ್ ರಾತ್ರಿಯ ಬೆಂಕಿಗೆ ಸೌದೆ ಕೂಡಿಸುವ ಮಕ್ಕಳು, ಪಂದ್ಯದ ದಿನವೇ ಹೆರಿಗೆ ನೋವು ಕಾಣಿಸಿಕೊಳ್ಳುವ ಒಬ್ಬ ಗರ್ಭಿಣಿ, ಎಲ್ಲರೂ ಆ ಆರು ಜನರಲ್ಲೇ ಹುಟ್ಟಬೇಕು.

ಈಗ ನಮ್ಮಲ್ಲಿ ಎದ್ದಿರುವ ಜಗಳ ಚೆಂಡಿನದು. ನಿರ್ದೇಶಕರು ಚೆಂಡೇ ಬೇಡ, ಎಲ್ಲವೂ ಮೂಕಾಭಿನಯದಲ್ಲಿ ನಡೆಯಲಿ ಎನ್ನುತ್ತಾರೆ. ಆರು ಜನರಲ್ಲಿ ಮೂವರು, ಚಿಕ್ಕಂದಿನಿಂದ ರಗ್ಬಿ ಆಡಿದವರು, ಚೆಂಡಿಲ್ಲದೆ ಕೈಬೀಸಿದರೆ ಲಿಮರಿಕ್‌ನ ಜನ ನಗುತ್ತಾರೆ ಎಂದು ಪಟ್ಟು ಹಿಡಿದಿದ್ದಾರೆ. ಅವರ ಭಯ ಸುಳ್ಳಲ್ಲ. ಈ ಊರಿನಲ್ಲಿ ರಗ್ಬಿ ಉಳ್ಳವರ ಆಟವಾಗಿ ಉಳಿಯದೆ ಬಂದರಿನ ಕೂಲಿಯವರಿಂದ ವೈದ್ಯರವರೆಗೆ ಎಲ್ಲರ ಮನೆಯ ಮಾತಾಗಿದೆ. ಅಂದು ಮೈದಾನದಲ್ಲಿ ಸುಮಾರು 12,000 ಜನರಿದ್ದರು ಎಂಬ ಲೆಕ್ಕವಿದ್ದರೂ, ‘ನಾನು ಅಲ್ಲಿದ್ದೆ’ ಎನ್ನುವವರನ್ನು ಕೂಡಿಸಿದರೆ ಮೈದಾನ ಹಲವು ಪಟ್ಟು ದೊಡ್ಡದಾಗಬೇಕು ಎಂಬುದು ಊರಿನ ಹಳೆಯ ತಮಾಷೆ. ಅಂಥವರೇ ಮುಂದಿನ ಸಾಲಿನಲ್ಲಿ ಬಂದು ಕೂರುತ್ತಾರೆ. ನಾನು ಯಾವ ಪಕ್ಷಕ್ಕೂ ಸೇರದೆ ಕುಳಿತಿದ್ದೇನೆ. ನೀವು ಏನು ಹೇಳುತ್ತೀರಿ?

ಹಳೆಯ ಫಾರ್ವರ್ಡ್

ಮೇಡಂ, ಕಾಲೇಜು ದಿನಗಳಲ್ಲಿ ಪುಣೆಯಲ್ಲಿದ್ದಾಗ ನಾಲ್ಕು ವರ್ಷ ರಗ್ಬಿ ಆಡಿದವನು ನಾನು. ನಾಟಕದ ಬಗ್ಗೆ ನನಗೆ ತಿಳಿದದ್ದು ಅಷ್ಟಕ್ಕಷ್ಟೇ. ಚೆಂಡು ಬೇಕೆಂಬುದೇ ನನ್ನ ಮತ, ಏಕೆಂದರೆ ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಓಡುವವನು ಮುಂದಕ್ಕೆ ಓಡುತ್ತಾನೆ, ಪಾಸ್ ಮಾತ್ರ ಹಿಂದಕ್ಕೋ ಪಕ್ಕಕ್ಕೋ ಹೋಗುತ್ತದೆ. ಆಟದ ಸೊಗಸೆಲ್ಲ ಈ ವಿರೋಧದಲ್ಲೇ ಇದೆ, ಮತ್ತು ಚೆಂಡು ಕಣ್ಣಿಗೆ ಕಾಣದಿದ್ದರೆ ಆಟ ಗೊತ್ತಿಲ್ಲದವರಿಗೆ ಅದು ಹೊಳೆಯುವುದೇ ಇಲ್ಲ.

ಚೆಂಡಿನ ಮಾತು ಹಾಗಿರಲಿ. ನಿಮ್ಮ ಮುಂದಿನ ಸಾಲಿನ ಹಿರಿಯರು ನಿಜವಾಗಿ ತಪ್ಪು ಹುಡುಕುವುದು ಬೇರೆ ಕಡೆ. ಲೈನ್‌ಔಟ್ (ಬದಿಗೆರೆ ದಾಟಿದ ಚೆಂಡನ್ನು ಮತ್ತೆ ಒಳಕ್ಕೆ ಎಸೆದಾಗ ಎರಡೂ ತಂಡದವರು ಸಾಲಾಗಿ ನಿಂತು ಅದಕ್ಕೆ ನೆಗೆಯುವುದು) ದೃಶ್ಯದಲ್ಲಿ ಇಬ್ಬರು ಸೇರಿ ಮೂರನೆಯವನನ್ನು ಮೇಲಕ್ಕೆ ಎತ್ತುವ ಚಲನೆ ನಿಮ್ಮ ನಿರ್ದೇಶಕರ ತಲೆಯಲ್ಲಿ ಖಂಡಿತ ಇರುತ್ತದೆ, ನೋಡಲು ಅದು ಅಷ್ಟು ಚೆನ್ನ. ಆದರೆ 1978ರಲ್ಲಿ ಹಾಗೆ ಎತ್ತುವುದು ನಿಯಮಬಾಹಿರವಾಗಿತ್ತು. ಆಟಗಾರರು ತಮ್ಮ ಕಾಲಬಲದಿಂದಲೇ ನೆಗೆಯಬೇಕಿತ್ತು, ಗಾಳಿಯಲ್ಲಿ ಮೊಣಕೈಗಳು ಮಾತಾಡುತ್ತಿದ್ದವು. ಹಾಗೆಯೇ, ಸ್ಕ್ರಮ್ (ಎರಡೂ ತಂಡದವರು ಬಾಗಿ, ಹೆಗಲಿಗೆ ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವ ಗುಂಪು) ಕಟ್ಟುವಾಗ ರೆಫರಿ ‘ಬಾಗಿ, ಹಿಡಿಯಿರಿ, ಸೇರಿ’ ಎಂದು ಹಂತಹಂತವಾಗಿ ಕೂಗುವ ಪದ್ಧತಿಯೂ ಇತ್ತೀಚಿನದು. ಅಂದು ಎರಡೂ ಸಾಲುಗಳು ನೇರವಾಗಿ ಡಿಕ್ಕಿ ಹೊಡೆಯುತ್ತಿದ್ದವು. ಗೋಲಿಗೆ ಒದೆಯುವವನು ಚೆಂಡು ನಿಲ್ಲಿಸುವ ಇಂದಿನ ಪ್ಲಾಸ್ಟಿಕ್ ಆಸರೆಯನ್ನು (ಟೀ) ತರಿಸಿಕೊಳ್ಳುತ್ತಿರಲಿಲ್ಲ, ಹಿಮ್ಮಡಿಯಿಂದ ನೆಲ ಕೆದಕಿ ಚೆಂಡನ್ನು ನಿಲ್ಲಿಸುತ್ತಿದ್ದ. ಹಿಮ್ಮಡಿಯಿಂದ ಮೂರು ಬಾರಿ ನೆಲ ಒತ್ತುವುದು ಅಭಿನಯಕ್ಕೂ ಒಳ್ಳೆಯ ಚಲನೆಯಲ್ಲವೇ?

ಇನ್ನೊಂದು ಸಂಗತಿ ನಿಮಗೆ ಸಹಾಯಕ್ಕೆ ಬರಬಹುದು. ಸ್ಕ್ರಮ್‌ನಲ್ಲಿ ತಂಡಕ್ಕೆ ಎಂಟು ಜನ ನಿಜ, ಆದರೆ ತಲೆಗೆ ತಲೆ ತಾಗುವ ಮುಂಚೂಣಿಯಲ್ಲಿ ತಂಡಕ್ಕೆ ಮೂವರೇ ಇರುವುದು. ಮೂರು ಮತ್ತು ಮೂರು ಆರು. ನಿಮ್ಮ ನಟರ ಸಂಖ್ಯೆಗೆ ಅದು ಹೇಳಿ ಮಾಡಿಸಿದಂತಿದೆ. ಹಿಂದಿನ ಹತ್ತು ಜನರ ಭಾರವನ್ನು ಆ ಆರು ಬೆನ್ನುಗಳು ತೋರಿಸಿದರೆ ಸಾಕು.

ಹೊಸ ಓದುಗ

ರಗ್ಬಿ ನನಗೆ ಹೊಸದು. ಈಗಿನ ಪಂದ್ಯಗಳಲ್ಲಿ ಒಂದು ಟ್ರೈಗೆ ಐದು ಅಂಕ ಎಂದು ಓದಿದ ನೆನಪು. ಹಾಗಿದ್ದರೆ ಈ ಹನ್ನೆರಡು ಹೇಗೆ ಬಂತು ಎಂದು ಯಾರಾದರೂ ತಿಳಿಸುವಿರಾ?

ಹಳೆಯ ಫಾರ್ವರ್ಡ್

ಐದು ಅಂಕ ಜಾರಿಗೆ ಬಂದದ್ದು 1992ರಲ್ಲಿ. ಟ್ರೈ ಎಂದರೆ ಎದುರಾಳಿಯ ಗೋಲುಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದು, ಅಂದು ಅದಕ್ಕೆ ನಾಲ್ಕು ಅಂಕ. ಮನ್‌ಸ್ಟರ್ ಆಟಗಾರ ಕ್ರಿಸ್ಟಿ ಕ್ಯಾಂಟಿಲನ್ ಅವರ ಟ್ರೈಗೆ ನಾಲ್ಕು, ಅದರ ಮೇಲೆ ಗೋಲುಕಂಬಗಳ ನಡುವೆ ಒದ್ದ ಟೋನಿ ವಾರ್ಡ್ ಅವರ ಕನ್ವರ್ಷನ್‌ಗೆ ಎರಡು, ಮತ್ತೆ ವಾರ್ಡ್ ಅವರೇ ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದೊಡನೆ ಒದ್ದು ಹೊಡೆದ ಎರಡು ಡ್ರಾಪ್ ಗೋಲ್‌ಗಳಿಗೆ ಮೂರು ಮೂರರಂತೆ ಆರು. ವಿರಾಮದ ವೇಳೆಗೆ 9–0 ಆಗಿತ್ತು.

ಕುಂದಾಪುರದ ಪ್ರೇಕ್ಷಕ

ಫಾರ್ವರ್ಡ್ ಅವರ ಮಾಹಿತಿಗೆ ತಲೆಬಾಗುತ್ತೇನೆ, ಆದರೆ ಅವರ ತೀರ್ಮಾನ ನನಗೆ ಒಪ್ಪಿಗೆಯಾಗಲಿಲ್ಲ. ಚಿಕ್ಕಂದಿನಿಂದ ಬಯಲಿನಲ್ಲಿ ಚಾಪೆ ಹಾಸಿ ಕುಳಿತು ಬಡಗುತಿಟ್ಟಿನ ಆಟಗಳನ್ನು ನೋಡಿದವನಿಗೆ ರಂಗದ ಮೇಲೆ ನಿಜವಾದ ವಸ್ತು ಬೇಕು ಎಂಬ ಮಾತು ಸ್ವಲ್ಪ ವಿಚಿತ್ರವಾಗಿ ಕೇಳುತ್ತದೆ. ಯಕ್ಷಗಾನದಲ್ಲಿ ಅಕ್ಷೋಹಿಣಿ ಸೈನ್ಯಗಳು ಹೋರಾಡುವುದು ಇಬ್ಬರ ಕಾಲಿನಲ್ಲಿ ಮತ್ತು ಒಂದು ಚೆಂಡೆಯಲ್ಲಿ. ರಥ ಏರಿದೆ ಎಂದು ವೇಷಧಾರಿ ಕುಣಿತದಲ್ಲಿ ತೋರಿಸಿದೊಡನೆ ರಥ ಏರಿತು, ಯಾರೂ ಚಕ್ರ ಎಲ್ಲಿ ಎಂದು ಕೇಳುವುದಿಲ್ಲ. ಬಿಲ್ಲೊಂದು ಕೈಯಲ್ಲಿರುತ್ತದೆ ನಿಜ, ಬಾಣ ಹಾರುವುದು ಮಾತ್ರ ಚೆಂಡೆಯ ಪೆಟ್ಟಿನಲ್ಲಿ.

ಆದ್ದರಿಂದ ಚೆಂಡು ಇದೆಯೇ ಎಂದು ಕೇಳುವುದಕ್ಕಿಂತ ಆರು ಜನರೂ ಅದನ್ನು ಒಂದೇ ಜಾಗದಲ್ಲಿ ನೋಡುತ್ತಿದ್ದಾರೆಯೇ ಎಂದು ಕೇಳಬೇಕು. ಒಬ್ಬನ ಕಣ್ಣು ಒಂದು ಮೊಳ ತಪ್ಪಿದರೂ ಚೆಂಡು ಒಡೆದು ಎರಡಾಗುತ್ತದೆ. ರಗ್ಬಿಯಲ್ಲಿ ಚೆಂಡನ್ನು ಬಹಳ ಎತ್ತರಕ್ಕೆ ಒದ್ದು, ಅದು ಇಳಿಯುವ ಜಾಗಕ್ಕೆ ಎಲ್ಲರೂ ಓಡುವ ಒಂದು ತಂತ್ರವಿದೆಯಂತೆ, ಅದಕ್ಕೆ ಲಿಮರಿಕ್‌ನ ಒಂದು ಕ್ಲಬ್ಬಿನ ಹೆಸರಿನಿಂದಲೇ ‘ಗ್ಯಾರಿಓವನ್’ ಎಂದು ಕರೆಯುತ್ತಾರಂತೆ. ನಿಜವಾದ ಚೆಂಡನ್ನು ಹಾಗೆ ಒದ್ದರೆ ನಿಮ್ಮ ಸಭಾಂಗಣದ ಚಾವಣಿಗೆ ತಾಗಿ ಎರಡು ಸೆಕೆಂಡಿನಲ್ಲಿ ಕೆಳಗಿರುತ್ತದೆ. ಇಲ್ಲದ ಚೆಂಡನ್ನು ಒದ್ದು, ಆರು ತಲೆಗಳು ಒಂದೇ ವೇಗದಲ್ಲಿ ಮೇಲೇರಿ, ಒಂದು ಕ್ಷಣ ನಿಂತು, ಮತ್ತೆ ಒಂದೇ ವೇಗದಲ್ಲಿ ಇಳಿದರೆ, ಆ ಚೆಂಡು ಎಷ್ಟು ಎತ್ತರ ಬೇಕಾದರೂ ಹೋಗಬಹುದು.

ಫಾರ್ವರ್ಡ್ ಅವರು ಎತ್ತಿದ ಪಾಸ್‌ನ ತೊಂದರೆಗೂ ಇದರಲ್ಲೇ ಉತ್ತರವಿದೆ ಎಂದುಕೊಳ್ಳುತ್ತೇನೆ. ದೇಹ ಮುಂದಕ್ಕೆ ವಾಲಿ, ಕತ್ತು ಮತ್ತು ಕೈ ಹಿಂದಕ್ಕೆ ತಿರುಗಿದಾಗ ಆ ವಿರೋಧ ಸೊಂಟದಲ್ಲಿ ಕಾಣುತ್ತದೆ. ಚೆಂಡಿದ್ದರೆ ಪ್ರೇಕ್ಷಕನ ಕಣ್ಣು ಅದರ ಹಿಂದೆಯೇ ಓಡಿ ಸೊಂಟವನ್ನು ಬಿಟ್ಟೇಬಿಡುತ್ತದೆ.

ನೇಪಥ್ಯದವನು

ಮೈಸೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಹವ್ಯಾಸಿ ತಂಡಗಳಿಗೆ ಬೆಳಕು ಮತ್ತು ರಂಗನಿರ್ವಹಣೆ ನೋಡಿಕೊಳ್ಳುತ್ತಿರುವವನ ಮಾತು ಇದು, ಆದ್ದರಿಂದ ಸೌಂದರ್ಯಕ್ಕಿಂತ ಮಂಡಿಚಿಪ್ಪಿನ ಚಿಂತೆಯೇ ಹೆಚ್ಚು. ಒಮ್ಮೆ ನಮ್ಮ ತಂಡದ ಯುದ್ಧದೃಶ್ಯವೊಂದರಲ್ಲಿ, ಗ್ರ್ಯಾಂಡ್ ರಿಹರ್ಸಲ್ ದಿನ, ಉತ್ಸಾಹದಲ್ಲಿ ನಿಜವಾಗಿಯೇ ಬಿದ್ದ ಹುಡುಗನೊಬ್ಬನ ಹೆಗಲು ಕೀಲು ತಪ್ಪಿ, ಪ್ರದರ್ಶನದ ದಿನ ನಾನೇ ಪಠ್ಯ ಕೈಯಲ್ಲಿ ಹಿಡಿದು ಅವನ ಪಾತ್ರ ಮಾಡಬೇಕಾಯಿತು. ಅಂದಿನ ಪ್ರೇಕ್ಷಕರು ಇನ್ನೂ ನನ್ನನ್ನು ಕ್ಷಮಿಸಿಲ್ಲ.

ನಿಮ್ಮ ತಂಡದಲ್ಲಿ ರಗ್ಬಿ ಆಡಿದ ಆ ಮೂವರ ಮೇಲೆ ಒಂದು ಕಣ್ಣಿಡಿ. ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವುದು, ಗೊತ್ತಿರುವವರಿಂದಲೇ ಅಪಾಯ ಹೆಚ್ಚು, ಏಕೆಂದರೆ ಅವರ ದೇಹಕ್ಕೆ ತಡೆಯುವುದು ಗೊತ್ತು, ತಡೆದಂತೆ ನಟಿಸುವುದು ಗೊತ್ತಿಲ್ಲ. ಟ್ಯಾಕಲ್‌ನಲ್ಲಿ ಪೂರ್ತಿ ಹತೋಟಿ ಬೀಳುವವನ ಕೈಯಲ್ಲಿರಬೇಕು, ಹೊಡೆಯುವವನು ಬರೇ ಜೊತೆಗೆ ಹೋಗಬೇಕು. ಆ ಪಂದ್ಯದಲ್ಲಿ ಮನ್‌ಸ್ಟರ್ ತಂಡದ ಸೀಮಸ್ ಡೆನಿಸನ್ ಅವರು ಆಲ್ ಬ್ಲ್ಯಾಕ್ಸ್ ತಂಡದ ಸ್ಟೂ ವಿಲ್ಸನ್ ಅವರನ್ನು ಕೆಡವಿದ ಟ್ಯಾಕಲ್ ಬಹಳ ಪ್ರಸಿದ್ಧ ಎಂದು ಕೇಳಿದ್ದೇನೆ. ಅಂಥದ್ದನ್ನು ಪೂರ್ಣ ವೇಗದಲ್ಲಿ ಮಾಡಲೇಬೇಡಿ. ಅರ್ಧಕ್ಕಿಂತ ನಿಧಾನಗತಿಯಲ್ಲಿ ಮಾಡಿ, ತಾಗಿದ ಶಬ್ದವನ್ನು ಉಳಿದ ನಾಲ್ವರು ನೆಲಕ್ಕೆ ಕಾಲು ಅಪ್ಪಳಿಸಿ ಕೊಡಲಿ. ಸ್ಕ್ರಮ್‌ನಲ್ಲಿ ಭಾರವನ್ನು ಎದುರಿನವರ ಕುತ್ತಿಗೆಗೆ ಬಿಡದೆ ತಮ್ಮ ತೊಡೆಯಲ್ಲೇ ಹಿಡಿದಿಟ್ಟುಕೊಳ್ಳುವುದನ್ನು ಮೊದಲ ವಾರದಿಂದಲೇ ಅಭ್ಯಾಸ ಮಾಡಿಸಿ. ಮಂಡಿಗೆ ಪ್ಯಾಡ್ ಕಟ್ಟಿಸಿ. ಮಂಡಿ ಕುಣಿತ ಕುಣಿದ ಯಕ್ಷಗಾನ ಕಲಾವಿದರನ್ನು ಕೇಳಿದರೆ ಕುಂದಾಪುರದವರೂ ಇದನ್ನೇ ಹೇಳುತ್ತಾರೆ.

ಇನ್ನೊಂದು ತೊಡಕು ಯಾರಿಗೂ ಹೊಳೆದಂತಿಲ್ಲ. ವಿರಾಮದ ನಂತರ ತಂಡಗಳು ಬದಿ ಬದಲಿಸುತ್ತವೆ. ಮೊದಲರ್ಧದಲ್ಲಿ ಮನ್‌ಸ್ಟರ್ ಎಡದಿಂದ ಬಲಕ್ಕೆ ಓಡಿದ್ದರೆ ಎರಡನೆಯ ಅರ್ಧದಲ್ಲಿ ಬಲದಿಂದ ಎಡಕ್ಕೆ ಓಡಬೇಕು, ಮತ್ತು ಅದೇ ನಟ ಅರ್ಧ ನಿಮಿಷದ ಹಿಂದೆ ಎದುರಾಳಿಯಾಗಿದ್ದಾನೆ. ಜರ್ಸಿ ಬದಲಿಸಲು ಸಮಯವಿಲ್ಲ ಎಂದಾದರೆ, ತಂಡವನ್ನು ಗುರುತಿಸಲು ನಿಲುವು ಮತ್ತು ಮಾತಿನ ಧಾಟಿಯನ್ನೇ ನೆಚ್ಚಬೇಕು. ನನ್ನ ಸಲಹೆಯೆಂದರೆ ಗೋಲನ್ನು ಪಕ್ಕಕ್ಕಿಡದೆ ಪ್ರೇಕ್ಷಕರ ಕಡೆಗೇ ಇಡಿ. ಯಾವ ತಂಡ ದಾಳಿ ಮಾಡಿದರೂ ಅದು ಪ್ರೇಕ್ಷಕರತ್ತ ಓಡಿ ಬರಲಿ.

ಚಿನ್ನಸ್ವಾಮಿ ಗ್ಯಾಲರಿ

ಇದನ್ನೆಲ್ಲ ಓದುತ್ತಾ 1974ರ ರಣಜಿ ಸೆಮಿಫೈನಲ್ ನೆನಪಾಯಿತು. ಸತತ ಹದಿನೈದು ವರ್ಷ ಟ್ರೋಫಿ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನಲ್ಲಿ ಕರ್ನಾಟಕ ತಂಡ ಹೊರದೂಡಿದ ಪಂದ್ಯವದು. ವಿಶ್ವನಾಥ್ ಅವರ 162, ಬ್ರಿಜೇಶ್ ಪಟೇಲ್ ಅವರ ಶತಕ, ಪ್ರಸನ್ನ ಅವರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದದ್ದು, ವಾಡೇಕರ್ ರನೌಟ್ ಆದದ್ದು, ಇವನ್ನೆಲ್ಲ ನಮ್ಮ ತಂದೆಯವರು ಕೈಯಲ್ಲಿ ಏನೂ ಇಲ್ಲದೆ, ಊಟದ ಎಲೆಯ ಮುಂದೆ ಕುಳಿತೇ, ಅದೆಷ್ಟು ಬಾರಿ ತೋರಿಸಿದ್ದಾರೋ ಲೆಕ್ಕವಿಲ್ಲ. ಪ್ರಸನ್ನ ಅವರ ಚೆಂಡು ತಿರುಗಿದ್ದನ್ನು ನಾನು ಅವರ ಮಣಿಕಟ್ಟಿನಲ್ಲಿ ನೋಡಿದ್ದೇನೆ. ಹಾಗಾಗಿ ನನ್ನ ಮತವೂ ಚೆಂಡು ಬೇಡ ಎಂಬುದಕ್ಕೇ. ಕನ್ನಡದಲ್ಲಿ ಆ ಪಂದ್ಯದ ಬಗ್ಗೆ ಇಂಥದ್ದೊಂದು ನಾಟಕವನ್ನು ಯಾರಾದರೂ ಬರೆಯಬಾರದೇ ಎಂದು ಕೇಳುವ ಆಸೆಯಾಗುತ್ತದೆ, ಆದರೆ ಅದು ಬೇರೆಯೇ ಚರ್ಚೆ.

ವೆಲಿಂಗ್ಟನ್‌ನಿಂದ

ಚೆಂಡಿನ ವಿಷಯ ತಿಳಿದವರು ಮಾತಾಡಿದ್ದಾರೆ. ನಾನು ಹಾಕಾ ಬಗ್ಗೆ, ಅಂದರೆ ಆಲ್ ಬ್ಲ್ಯಾಕ್ಸ್ ಪಂದ್ಯಕ್ಕೆ ಮೊದಲು ಮಾಡುವ, ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳ ಘೋಷ-ಕುಣಿತದ ಬಗ್ಗೆ ಮಾತ್ರ ಹೇಳುತ್ತೇನೆ. ಆಲ್ ಬ್ಲ್ಯಾಕ್ಸ್ ಇರುವ ನಾಟಕದಲ್ಲಿ ಅದನ್ನು ಹೇಗೆ ಮಾಡುತ್ತೀರಿ ಎಂಬುದು ಸಣ್ಣ ಪ್ರಶ್ನೆಯಲ್ಲ. ‘ಕಾ ಮಾತೆ’ ಹಾಕಾವನ್ನು ಸುಮಾರು 1820ರಲ್ಲಿ ರಚಿಸಿದವನು ಙಾತಿ ತೋಆ ಬುಡಕಟ್ಟಿನ ನಾಯಕ ತೆ ರೌಪರಾಹಾ. ಬೆನ್ನಟ್ಟಿ ಬಂದ ಶತ್ರುಗಳಿಂದ ತಪ್ಪಿಸಿಕೊಳ್ಳಲು ಗೆಣಸು ಕೂಡಿಡುವ ಗುಂಡಿಯಲ್ಲಿ ಅವಿತು, ಜೀವ ಉಳಿದು ಮತ್ತೆ ಬೆಳಕಿಗೆ ಬಂದವನ ಉದ್ಗಾರ ಅದು. ಎದುರಾಳಿಯನ್ನು ಹೆದರಿಸುವ ಅರಚಾಟ ಎಂದು ಮಾತ್ರ ತಿಳಿದವರು ಆ ಗುಂಡಿಯ ಕತ್ತಲೆಯನ್ನು ಮರೆತೇಬಿಡುತ್ತಾರೆ. 2014ರಲ್ಲಿ ನ್ಯೂಜಿಲೆಂಡಿನ ಸಂಸತ್ತು ಕಾಯ್ದೆಯೊಂದನ್ನು ಮಾಡಿ, ಇದರ ರಚನಕಾರ ತೆ ರೌಪರಾಹಾ ಎಂದು ಹೆಸರಿಸಬೇಕೆಂದು ಕೇಳುವ ಹಕ್ಕನ್ನು ಙಾತಿ ತೋಆ ಜನರಿಗೆ ಕೊಟ್ಟಿತು. ಆ ಕಾಯ್ದೆ ಐರ್ಲೆಂಡಿಗೆ ಅನ್ವಯಿಸದಿದ್ದರೂ ನಿಮ್ಮ ಕರಪತ್ರದಲ್ಲಿ ಒಂದು ಸಾಲು ಹಾಕಲು ಖರ್ಚೇನೂ ಇಲ್ಲವಲ್ಲ.

ಫಾರ್ವರ್ಡ್ ಅವರ ಕಾಲಶುದ್ಧಿಯ ಮಾತಿಗೆ ನನ್ನದೂ ಒಂದು ಸೇರ್ಪಡೆಯಿದೆ. ಈಗ ಅಂತರ್ಜಾಲದಲ್ಲಿ ಸಿಗುವ ಹಾಕಾಗಳನ್ನು ನೋಡಿ ಕಲಿಯಬೇಡಿ. ‘ಕಾಪಾ ಓ ಪಾಂಗೋ’ ಎಂಬ ಇನ್ನೊಂದು ಹಾಕಾ ಮೊದಲು ಕಂಡದ್ದು 2005ರಲ್ಲಿ. ಇಂದಿನ ಬಿಗಿ, ಏಕರೂಪದ ಶಿಸ್ತು ಬಂದದ್ದೂ 1980ರ ದಶಕದಲ್ಲಿ ಆಲ್ ಬ್ಲ್ಯಾಕ್ಸ್ ಆಟಗಾರ ವೇಯ್ನ್ ಶೆಲ್ಫೋರ್ಡ್ ಮತ್ತು ಅವರ ಜೊತೆಯವರು, ಮಾಡುವುದಾದರೆ ಸರಿಯಾಗಿ ಮಾಡೋಣ ಎಂದು ಹಟ ಹಿಡಿದ ಮೇಲೆ. ಅದಕ್ಕೂ ಮೊದಲಿನ ಹಳೆಯ ಚಿತ್ರಗಳನ್ನು ನೋಡಿದರೆ ಆಟಗಾರರಿಗೆ ಒಂದಿಷ್ಟು ಸಂಕೋಚವಿದ್ದಂತೆ ತೋರುತ್ತದೆ.

ಲಿಮರಿಕ್ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ ತಾಲೀಮಿನಲ್ಲಿ ಓದಿ ಹೇಳಿದೆ. ಲೈನ್‌ಔಟ್‌ನಲ್ಲಿ ಎತ್ತುವ ಚಲನೆಯನ್ನು ನಿರ್ದೇಶಕರು ಅಂದೇ ಕೈಬಿಟ್ಟರು, ಮುಖ ಸ್ವಲ್ಪ ಸಪ್ಪಗಾಗಿತ್ತು ಎನ್ನಬೇಕು. ಗೋಲನ್ನು ಪ್ರೇಕ್ಷಕರ ಕಡೆಗೆ ಇಡುವ ಸಲಹೆಯಿಂದ ಒಂದು ವಾರದ ಬ್ಲಾಕಿಂಗ್ ಅನ್ನು, ಅಂದರೆ ಯಾರು ಎಲ್ಲಿ ನಿಂತು ಎತ್ತ ಚಲಿಸಬೇಕೆಂಬ ಏರ್ಪಾಡನ್ನು, ಮೊದಲಿನಿಂದ ಮಾಡಬೇಕಾಯಿತು.

ಚೆಂಡಿನ ವಿಷಯಕ್ಕೆ ಒಂದು ಪರೀಕ್ಷೆ ನಡೆಸಿದೆವು. ಎರಡು ವಾರ ನಿಜವಾದ ಚೆಂಡಿನೊಂದಿಗೇ ಅಭ್ಯಾಸ ಮಾಡಿ, ಅದರ ತೂಕ ಕೈಗೆ ಹತ್ತಿದ ಮೇಲೆ, ಒಂದು ದಿನ ಹೇಳದೆ ಕೇಳದೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮೊದಲ ದಿನ ಕುಂದಾಪುರದವರು ಹೇಳಿದಂತೆಯೇ ಚೆಂಡು ಒಡೆದು ಆರಾಯಿತು. ನಾಲ್ಕನೆಯ ದಿನ ಗ್ಯಾರಿಓವನ್ ದೃಶ್ಯದಲ್ಲಿ ಎಲ್ಲರೂ ತಲೆಯೆತ್ತಿ ನಿಂತಾಗ, ಸಭಾಂಗಣದ ಬಾಗಿಲು ಹಾಕಲು ಬಂದಿದ್ದ ಕಾವಲುಗಾರನೂ ತಲೆಯೆತ್ತಿ ಚಾವಣಿ ನೋಡಿದ. ಅಲ್ಲಿಗೆ ಆ ಮೂವರೂ ಜಗಳ ಬಿಟ್ಟರು.

ನನಗೆ ಉಳಿದಿರುವ ಕಷ್ಟ ಬೇರೆ. ಮನ್‌ಸ್ಟರ್ ನಾಯಕ ಡೊನಲ್ ಕ್ಯಾನಿಫ್ ಅವರ ತಂದೆ ಅದೇ ದಿನ ಕಾರ್ಕ್‌ನಲ್ಲಿ ತೀರಿಕೊಂಡರು, ಗೆದ್ದು ಬಂದ ಮಗನಿಗೆ ಆ ಸುದ್ದಿ ಪಂದ್ಯದ ನಂತರ ತಿಳಿಯಿತು. ಆ ಗಳಿಗೆಯ ತನಕ ಆರು ಜನರೂ ಗೆಲುವಿನ ಕೂಗಾಟದಲ್ಲಿರುತ್ತೇವೆ. ಪ್ರೇಕ್ಷಕರೂ ನಮ್ಮೊಂದಿಗೆ ಕೂಗುತ್ತಿರುತ್ತಾರೆ. ಅವರನ್ನು ಹೇಗೆ ಸುಮ್ಮನಾಗಿಸುವುದು?

ನೇಪಥ್ಯದವನು

ನೀವು ಸುಮ್ಮನಾಗಿಸಲು ಹೋಗಬೇಡಿ. ಬೆಳಕನ್ನೂ ತಗ್ಗಿಸಬೇಡಿ, ಅದು ಎಲ್ಲರೂ ಮಾಡುವ ಕೆಲಸ. ಐವರು ಕೂಗುತ್ತಲೇ ಇರಲಿ, ಸುದ್ದಿ ಕೇಳಿದವನೊಬ್ಬ ಮಾತ್ರ ಕೂಗುವುದನ್ನು ನಿಲ್ಲಿಸಲಿ. ಐವರೂ ಒಬ್ಬೊಬ್ಬರಾಗಿ ಅದನ್ನು ಗಮನಿಸಿ ನಿಲ್ಲಲಿ. ಪ್ರೇಕ್ಷಕರು ಏಳನೆಯವರಾಗಿ ನಿಲ್ಲುತ್ತಾರೆ.

ಲಿಮರಿಕ್ ನಿವಾಸಿ

ಮೂರು ಪ್ರದರ್ಶನಗಳು ಮುಗಿದವು. ವಿವರವಾಗಿ ಬರೆಯುತ್ತೇನೆಂದು ಮಾತು ಕೊಟ್ಟಿದ್ದರಿಂದ ಬರೆಯುತ್ತಿದ್ದೇನೆ.

ಮೊದಲ ರಾತ್ರಿ ಸ್ಕ್ರಮ್‌ನಲ್ಲಿ ಒಬ್ಬರ ಕಾಲು ಜಾರಿ ಆರೂ ಜನ ಒಟ್ಟಿಗೆ ಕುಸಿದೆವು. ರೆಫರಿಯ ಪಾತ್ರವೂ ಆ ರಾಶಿಯಲ್ಲೇ ಎಲ್ಲೋ ಇದ್ದುದರಿಂದ ಶೀಟಿ ಊದಲು ಯಾರೂ ಇರಲಿಲ್ಲ. ಸಭಾಂಗಣದ ಹಿಂದಿನಿಂದ ಯಾರೋ ‘ಮತ್ತೆ ಕಟ್ಟಿ!’ ಎಂದು ಕೂಗಿದರು, ಎದ್ದು ಮತ್ತೆ ಕಟ್ಟಿದೆವು. ಅದು ನಾಟಕದ ಭಾಗವೆಂದೇ ಬಹಳ ಜನ ತಿಳಿದರಂತೆ. ಮುಂದಿನ ವಸಂತದಲ್ಲಿ ನಾಟಕೋತ್ಸವಗಳಿಗೆ ಹೋಗುವ ಆಲೋಚನೆಯೂ ಇದೆ. ಇಲ್ಲಿನ ಹವ್ಯಾಸಿ ತಂಡಗಳಿಗೆ ಆತ್‌ಲೋನ್‌ನಲ್ಲಿ 1953ರಿಂದ ನಡೆಯುತ್ತಿರುವ ಅಖಿಲ ಐರ್ಲೆಂಡ್ ನಾಟಕೋತ್ಸವವೇ ಕನಸು. ಆಟ ಮುಗಿದೊಡನೆ ತೀರ್ಪುಗಾರರು ವೇದಿಕೆ ಹತ್ತಿ ಪ್ರೇಕ್ಷಕರ ಎದುರೇ ವಿಮರ್ಶೆ ಮಾಡುವ ಪದ್ಧತಿ ಅಲ್ಲಿ ಇರುವುದರಿಂದ, ಸ್ಕ್ರಮ್ ಕುಸಿಯದಂತೆ ನೋಡಿಕೊಳ್ಳಬೇಕು.

ಹಾಕಾವನ್ನು ತುಸು ಸಡಿಲವಾಗಿಯೇ ಮಾಡಿದೆವು, ಕರಪತ್ರದಲ್ಲಿ ತೆ ರೌಪರಾಹಾ ಹೆಸರನ್ನು ಹಾಕಿದೆವು. ಕ್ಯಾನಿಫ್ ಅವರ ತಂದೆಯ ಸುದ್ದಿಯ ದೃಶ್ಯ ಮೊದಲ ರಾತ್ರಿ ಕೂಡಿಬರಲಿಲ್ಲ, ಐವರೂ ಅವಸರಪಟ್ಟೆವು. ಎರಡನೆಯ ರಾತ್ರಿ ಬಂತು. ನೇಪಥ್ಯದವರೇ, ನೀವು ಹೇಳಿದ ಏಳನೆಯವರು ನಿಂತರು.

ಚೆಂಡು ಎಲ್ಲಿ ಎಂದು ಮೂರು ರಾತ್ರಿಯಲ್ಲಿ ಒಬ್ಬರೂ ಕೇಳಲಿಲ್ಲ. ಬಂದದ್ದು ಒಂದೇ ಒಂದು ತಕರಾರು. ಮೊದಲ ಪ್ರದರ್ಶನದ ನಂತರ ಚಹಾ ಕೊಡುತ್ತಿದ್ದಾಗ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಕೋಲೂರಿಕೊಂಡು ಬಂದು, ವಾರ್ಡ್ ಪಾತ್ರದ ಹುಡುಗನನ್ನು ಹುಡುಕಿ, ಕನ್ವರ್ಷನ್ ಒದೆಯಲು ಅವನು ತೀರ ಬದಿಗೆ ಹೋಗಿ ನಿಂತದ್ದು ತಪ್ಪೆಂದೂ, ಕ್ಯಾಂಟಿಲನ್ ಟ್ರೈ ಮಾಡಿದ್ದು ಗೋಲುಕಂಬಗಳ ಕೆಳಗೇ ಆದ್ದರಿಂದ ಒದೆತ ನೇರವಾಗಿ ಎದುರಿನಿಂದಲೇ ಇತ್ತೆಂದೂ, ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ನೀವು ಅಂದು ಯಾವ ಬದಿಯಲ್ಲಿ ನಿಂತು ನೋಡಿದಿರಿ ಎಂದು ನಾನು ಕೇಳಿದೆ. ಅಂದು ಮಂಗಳವಾರ, ಕೆಲಸಕ್ಕೆ ರಜೆ ಸಿಕ್ಕಿರಲಿಲ್ಲ, ಸಂಜೆ ಅಣ್ಣ ಮನೆಗೆ ಬಂದು ಅಡುಗೆಮನೆಯಲ್ಲಿ ಎಲ್ಲವನ್ನೂ ಮಾಡಿ ತೋರಿಸಿದ ಎಂದರು.

ಮರುದಿನ ಹುಡುಗನನ್ನು ಮೂರು ಹೆಜ್ಜೆ ಒಳಕ್ಕೆ ನಿಲ್ಲಿಸಿದೆವು.